ಅಂದಾಜಕ್ಕ ನೋಡಿದ ಮನೆ

ಮದುವೆಯಾಗಿ ಬಂದ ಹೊಸದರಲ್ಲಿ ನಾದಿನಿ ಇಟ್ಟ ಹೆಸರು ಅಂಟಿಕೊಂಡೇ ಬಿಟ್ಟಿತು: ಅಂದಾಜಕ್ಕ. ಯಾರ ಮನೆಗೆ ಹೋದರೂ ಕೂರುವ ಮೊದಲು ಗೋಡೆ ತಟ್ಟಿ, ರಿಪೇರಿಗೆ ಎಷ್ಟಾದೀತು ಎಂದು ಗಟ್ಟಿಯಾಗಿ ಹೇಳುವ ಚಟ ಅವಳದು. ಮನಸ್ಸಿನಲ್ಲೇ ಲೆಕ್ಕ ಹಾಕುವುದು ಬಾರದು. ಬಾಯಿ ಮುಚ್ಚಿದರೆ ತಲೆಯೂ ಮುಚ್ಚಿಹೋಗುತ್ತಿತ್ತು.

ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟಿದ್ದಳು. ಹಳೇ ಮನೆಯೊಂದನ್ನು ಕೊಂಡು, ಸರಿಮಾಡಿಸಿ ಬಾಡಿಗೆಗೆ ಕೊಟ್ಟರೆ ತನ್ನದೇ ಅನ್ನುವ ಆದಾಯವಿರುತ್ತದೆ ಎಂಬ ಆಸೆ. ಕೊನೆಗೂ ಕೈಗೆಟುಕುವ ಬೆಲೆಗೆ ಒಂದು ಸಿಕ್ಕಿತು. ನೋಡಲು ಮನೆಮಂದಿಯೆಲ್ಲ ಹೊರಟರು.

ಗಂಡ ಒಂದೊಂದು ಕೋಣೆಯಲ್ಲೂ ಅಂಗಾತ ಮಲಗಿ ಸೂರಿನಲ್ಲಿ ಸೋರಿದ ಕಲೆ ಹುಡುಕಿದ. ಅತ್ತೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು, "ನಲ್ಲಿ ಬಿಟ್ಟಿದೀನಿ, ನೀರು ಹೋಗ್ತಾನೇ ಇಲ್ಲ ಕಣೇ!" ಎಂದು ಕೂಗಿದರು. ನಡುಮನೆಯಲ್ಲಿಟ್ಟ ಮಗುವಿನ ಚೆಂಡು ತಾನೇ ಉರುಳಿ ಅಡುಗೆಮನೆ ಸೇರಿತು.

"ನೆಲ ಕಿತ್ತು ಹಾಕಿಸ್ಬೇಕು," ಎಂದಳು ಗೋಡೆ ತಟ್ಟುತ್ತಿದ್ದ ಅಂದಾಜಕ್ಕ.

ಮನೆ ತೋರಿಸುತ್ತಿದ್ದ ಮನೆಯೊಡತಿ ತನ್ನ ಗಂಡನತ್ತ ತಿರುಗಿದಳು. "ಕೇಳಿಸ್ಕೊಂಡ್ರಾ? ಬಂದಾಗಿನಿಂದ ಬಡ್ಕೋತಿದೀನಿ, ಒಲೆ ಮೇಲಿನ ಪಾತ್ರೆ ವಾಲುತ್ತೆ ಅಂತ. ನಾನೇ ವಾಲಿದೀನಿ ಅಂದ್ರಿ!"

ಮನೆಯೊಡೆಯನಿಗೆ ಮೊದಲು ಸಿಟ್ಟು ಬಂತು. ಆಮೇಲೆ ತಾನೂ ಒಮ್ಮೆ ಗೋಡೆ ತಟ್ಟಿ ನೋಡಿದ. ಅಲ್ಲಿಗೆ ಅವನಿಗೂ ತಟ್ಟುವ ಹುಚ್ಚು ಹಿಡಿಯಿತು.

"ಮೇಡಂ, ಇಲ್ಲಿ ಬನ್ನಿ, ಇದು ಇನ್ನೂ ಟೊಳ್ಳು!" ಸೌಟಿನ ಹಿಡಿಯಿಂದ ಕೆರೆದ, ಅಂಗೈಯಗಲದ ಗಾರೆ ಉದುರಿತು. ಗೆದ್ದವನಂತೆ ನಕ್ಕ.

ಬೆಲೆ ಇಳಿಸಲು ಇದೇ ಸಮಯ ಎಂದುಕೊಂಡ ಅಂದಾಜಕ್ಕ ಎಂದಿನಂತೆ ಗಟ್ಟಿಯಾಗಿಯೇ ಕೂಡಿಸತೊಡಗಿದಳು. "ಪೈಪು ಹೊಸದು ಬೇಕು. ಕಿಟಕಿ ಬದಲಾಯಿಸೋದು ಬೇಡ, ಉಜ್ಜಿ ಬಣ್ಣ ಹೊಡೆದ್ರೆ ಸಾಕು. ಗಾರೆ ನಮ್ಮ ಮೇಸ್ತ್ರಿ ಕಡಿಮೆಗೆ ಮಾಡ್ತಾನೆ..."

ಮಲಗಿದ್ದಲ್ಲಿಂದಲೇ ಅವಳ ಗಂಡ ಕಾಲು ಚಿವುಟಿದ. ಮಾತು ನಿಲ್ಲಲಿಲ್ಲ.

"...ಎಲ್ಲಾ ಸೇರಿ ಒಂದು ಸ್ಕೂಟರ್ ಬೆಲೆ."

"ಅಷ್ಟೇನಾ?" ಮನೆಯೊಡತಿ ಬಾಯಿ ಬಿಟ್ಟಳು. "ಅಷ್ಟರಲ್ಲಿ ಸರಿಹೋಗೋ ಮನೇನ ಮಾರೋದ್ಯಾಕ್ರೀ?"

"ಅದೇ ಮತ್ತೆ! ಮಾರಲ್ಲ ಬಿಡಿ," ಎಂದ ಒಡೆಯ.

ಅಂದಾಜಕ್ಕನ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಬಚ್ಚಲಿನಿಂದ ಅತ್ತೆಯ ದನಿ: "ನಮ್ಮ ಸೊಸೆ ಏನು ಪುಕ್ಸಟ್ಟೆ ಹೇಳಿದ್ಲಾ? ರಿಪೇರಿ ಅವಳ ಕೈಲೇ ಮಾಡಿಸಿ, ಸಂಬಳ ಕೊಡಿ. ಇಲ್ಲಾಂದ್ರೆ ನಾನು ಈಚೆ ಬರಲ್ಲ!"

ಮನೆಯೊಡೆಯನೂ ಒಡತಿಯೂ ಪಿಸುಗುಟ್ಟಿಕೊಂಡರು. ನೀರು ಹೋಗದ ಬಚ್ಚಲಲ್ಲಿ ನಲ್ಲಿ ಇನ್ನೂ ಜೋರಾಯಿತು.

"ಆಯ್ತು ತಾಯೀ, ಕೊಡ್ತೀವಿ!"

ಅಂದಾಜಕ್ಕ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಚ್ಚಲ ಬಾಗಿಲು ತಟ್ಟಿದಳು. "ಅತ್ತೆ, ಬನ್ನಿ ಈಚೆಗೆ. ಸೋಮವಾರದಿಂದ ನಾನು ಕೆಲಸಕ್ಕೆ ಹೋಗ್ಬೇಕು, ಮಗು ನಿಮ್ಮ ಪಾಲಿಗೆ."