ಅಳಿಯನನ್ನು ಬೆಂಚಿಗೆ ಕೂರಿಸುವ ಅಡುಗೆ

ನನ್ನ ಹೆಂಡತಿ ಕ್ರುಸಿತಾ ದಿನಾ ಬೆಳಗ್ಗೆ ಕಾಫಿಗೂ ಮೊದಲು ರೇಡಿಯೋದವರಿಗೆ ಫೋನ್ ಮಾಡುತ್ತಾಳೆ. ನಮ್ಮೂರು ಸಾನ್ ಪೆದ್ರೊದಲ್ಲಿ ಬೇಸ್‌ಬಾಲ್ ಬಗ್ಗೆ ಮಾತಾಡದ ಬಾಯಿಲ್ಲ. ಆದರೆ ಉಳಿದವರು ಮಾತಾಡಿ ಸುಮ್ಮನಾಗುತ್ತಾರೆ, ಇವಳು ತಂಡ ಕಟ್ಟುತ್ತಾಳೆ. ಚೆಂಡೆಸೆಯುವ ಯಾವ ಪಿಚರನ್ನು ಮನೆಗೆ ಕಳಿಸಬೇಕು, ಯಾರನ್ನು ಬೇರೆ ತಂಡದಿಂದ ಎಳೆದು ತರಬೇಕು, ಎಲ್ಲ ಇವಳೇ ಹೇಳಬೇಕು. ಅವಳ ದನಿ ಕೇಳಿದರೆ ತಂಡದ ಮ್ಯಾನೇಜರ್ ರೇಡಿಯೋ ಆರಿಸುತ್ತಾನಂತೆ. ನನಗೆ ಆ ಸೌಕರ್ಯ ಇಲ್ಲ.

ಈ ಜನವರಿಯಲ್ಲಿ ಅವಳ ಕಣ್ಣು ಬಿದ್ದದ್ದು ಬ್ಯಾಟುಗಾರನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ರಾದಾಮೆಸ್ ಮೇಲೆ. ರಾದಾಮೆಸ್ ನಮ್ಮ ಅಳಿಯ, ಮಗಳು ನೂರಿಸಳ ಗಂಡ.

"ಅವನ ಮಂಡಿ ಮುಗಿದ ಕಥೆ. ಕುಕ್ಕರಗಾಲಲ್ಲಿ ಕೂತ್ರೆ ಎಬ್ಬಿಸೋಕೆ ಇಬ್ರು ಬೇಕು. ಆ ಹೊಸ ಹುಡುಗ ಯೆಯ್ಸೊನ್‌ನ ಆಡಿಸಿ!"

"ದೋನ್ಯಾ ಕ್ರುಸಿತಾ, ರಾದಾಮೆಸ್ ನಿಮ್ಮ ಅಳಿಯ ಅಲ್ವಾ?" ಎಂದ ರೇಡಿಯೋದವನು.

"ಅಳಿಯ ಮನೇಲಿ. ಮೈದಾನದಲ್ಲಿ ಬರೀ ಕ್ಯಾಚರ್ರು, ಅದೂ ಚೆಂಡು ಬಿಡೋ ಕ್ಯಾಚರ್ರು!"

ಆ ಭಾನುವಾರ ರಾಜಧಾನಿಯ ತಂಡದ ಮೇಲೆ ಗೆದ್ದರೆ ನಾವು ಫೈನಲ್ಲಿಗೆ. ಶನಿವಾರ ನೂರಿಸ್ ಕೆಂಡವಾಗಿ ಬಂದಳು.

"ಅಮ್ಮಾ, ನಾಳೆ ಅವರನ್ನ ಕೂರಿಸಿದ್ರೆ ಮುಂದಿನ ವರ್ಷ ಯಾವ ತಂಡವೂ ಕರೆಯಲ್ಲ. ನಿನ್ನ ಬಾಯಿ ಮುಚ್ಚಿಸೋಕೆ ಏನು ಮಾಡ್ಬೇಕು ಹೇಳು."

"ಏನೂ ಬೇಡ. ಮುಚ್ಚಿದೆ," ಎಂದಳು ಕ್ರುಸಿತಾ. ಇಷ್ಟು ಸುಲಭವಾಗಿ ಒಪ್ಪಿದ್ದು ನೋಡಿ ನನಗೆ ಹೆದರಿಕೆಯಾಯಿತು.

ಭಾನುವಾರ ಎದ್ದು ನೋಡಿದರೆ ಹಿತ್ತಲಲ್ಲಿ ದೊಡ್ಡ ಪಾತ್ರೆ ಕುದಿಯುತ್ತಿದೆ. ಸಂಕೋಚೊ! ದನದ ಮಾಂಸ, ಹಂದಿ, ಮೇಕೆ, ಮರಗೆಣಸು, ಹಸಿ ಬಾಳೆಕಾಯಿ, ಕುಂಬಳ, ಎಲ್ಲ ಒಂದೇ ಪಾತ್ರೆಯಲ್ಲಿ. ಇದನ್ನು ಅನ್ನದ ಜೊತೆ ಉಂಡ ಗಂಡಸು ಕತ್ತಲಾಗುವವರೆಗೆ ತೂಗುಕುರ್ಚಿ ಬಿಟ್ಟು ಏಳುವುದಿಲ್ಲ.

"ಏನೇ ಇದು, ಆಟದ ದಿನ?"

"ಬಾಯಿ ಮುಚ್ತೀನಿ ಅಂದಿದ್ದೆ, ಮುದುಕಾ. ಕೈ ಕಟ್ಕೊಂಡಿರ್ತೀನಿ ಅಂದಿದ್ನಾ?"

ಮಧ್ಯಾಹ್ನ ಅಳಿಯನನ್ನು ಕರೆದು ಇನ್ನೊಂದು ಪಾತ್ರೆಗೆ ತುಂಬಿ ಕೈಗಿಟ್ಟಳು. "ತಗೋ ಮಗನೇ. ದೊಡ್ಡ ಆಟ, ಹೊಟ್ಟೆ ತುಂಬ ಉಣ್ಣು." ಅವನು ಅವಳ ಹಣೆಗೆ ಮುತ್ತಿಟ್ಟು ಹೊರಟ. ನಾನು ತಡೆಯಬಹುದಿತ್ತು. ತಡೆಯಲಿಲ್ಲ, ನನಗೂ ಫೈನಲ್ ಬೇಕಿತ್ತು.

ಸಂಜೆ ಮೈದಾನದಲ್ಲಿ ಹೆಸರು ಕೂಗಿದರು: ಕ್ಯಾಚರ್, ರಾದಾಮೆಸ್. ಕ್ರುಸಿತಾ ಬೆಂಚಿನತ್ತ ಕತ್ತು ಚಾಚಿದಳು.

"ಯೆಯ್ಸೊನ್ ಎಲ್ಲಿ?"

"ಪಾಪ, ಒಳಗೆ ಹೊಟ್ಟೆ ಹಿಡ್ಕೊಂಡು ಬಿದ್ದಿದಾನೆ," ಎಂದಳು ನೂರಿಸ್. "ಸಂಕೋಚೊನ ಒಬ್ಬರೇ ಕೂತು ಉಣ್ಣೋದುಂಟಾ ಅಂತ ಇವರೇ ಅವನನ್ನ ಮನೆಗೆ ಕರ್ಕೊಂಡು ಬಂದಿದ್ರು. ಮೂರು ಬಟ್ಟಲು ಬಾರಿಸಿದ."

ಕ್ರುಸಿತಾ ಶಿಲುಬೆ ಗುರುತು ಹಾಕಿಕೊಂಡಳು. ಈ ಊರಲ್ಲಿ ಹುಟ್ಟಿ, ಈ ಊರಲ್ಲೇ ಅಡುಗೆ ಕಲಿತವಳಿಗೆ ಅಷ್ಟು ಹೊಳೆಯಲಿಲ್ಲವಲ್ಲ! ಸಂಕೋಚೊ ಬೆಂದರೆ ಅಕ್ಕಪಕ್ಕದವರನ್ನು ಕರೆಯದೆ ಯಾರು ಉಣ್ಣುತ್ತಾರೆ?

ಆಟದ ಕೊನೆಗೆ ನಾವು ಒಂದೇ ಒಂದು ರನ್ ಮುಂದಿದ್ದೆವು. ಅವರಲ್ಲಿ ಇನ್ನೊಬ್ಬ ಔಟಾದರೆ ಆಟ ಮುಗಿಯಿತು. ಮೊದಲ ಬೇಸಿನಲ್ಲಿ ಅವರ ಚಿಗರೆಯಂಥ ಓಟಗಾರ ನಿಂತಿದ್ದ. ರಾದಾಮೆಸ್ ಕುಕ್ಕರಗಾಲಲ್ಲಿ ಕೂತಿದ್ದಾನೆ, ತಲೆ ವಾಲುತ್ತಿದೆ.

"ಅಯ್ಯೋ, ತೂಕಡಿಸ್ತಿದಾನೆ! ನನ್ನ ಕೈಯಾರೆ ತಂಡ ಮುಳುಗಿಸಿಬಿಟ್ಟೆ!" ಕ್ರುಸಿತಾ ನಿಜವಾಗಿ ಅಳತೊಡಗಿದಳು.

ತೂಕಡಿಕೆ ಆ ಓಟಗಾರನಿಗೂ ಕಂಡಿತು. ಪಿಚರ್ ಕೈ ಎತ್ತಿದ್ದೇ ತಡ, ಎರಡನೆ ಬೇಸಿಗೆ ಓಟ ಕಿತ್ತ. ರಾದಾಮೆಸ್ ಏಳಲೂ ಇಲ್ಲ. ಕೈಗೆ ಬಂದ ಚೆಂಡನ್ನು ಕೂತಲ್ಲಿಂದಲೇ ಬೀಸಿದ. ಓಟಗಾರ ಬೇಸು ಮುಟ್ಟುವ ಮೊದಲೇ ಚೆಂಡು ಅಲ್ಲಿ ಅವನಿಗಾಗಿ ಕಾಯುತ್ತಿತ್ತು. ಔಟ್! ಇಡೀ ಮೈದಾನ ಎದ್ದು ನಿಂತಿತು.

"ಅವನು ನನ್ನ ಅಳಿಯ! ನನ್ನ ಅಳಿಯ!" ಎಂದು ಕ್ರುಸಿತಾ ಗುರುತಿಲ್ಲದವರನ್ನೆಲ್ಲ ತಬ್ಬಿಕೊಂಡಳು. ನನ್ನನ್ನು ತಬ್ಬುವುದು ಮರೆತಳು.

ಆಟ ಮುಗಿಸಿ ರಾದಾಮೆಸ್ ನೇರ ನಮ್ಮ ಮನೆಗೇ ಬಂದು ಪಾತ್ರೆ ಹಿಂತಿರುಗಿಸಿದ. ನಮ್ಮಲ್ಲಿ ಪಾತ್ರೆ ಖಾಲಿ ಕೊಡುವುದಿಲ್ಲ. ಒಳಗೆ ಆ ಕೊನೆಯ ಚೆಂಡು ಇತ್ತು.

"ಫೈನಲ್ಲಿಗೂ ಇದನ್ನೇ ಮಾಡಿ ಕಳಿಸಿ ಅತ್ತೆ. ಮದುವೆ ಆದಾಗಿಂದ ಪ್ರತಿ ಭಾನುವಾರ ನೂರಿಸ್ ಮಾಡಿದ್ದನ್ನ ಉಣ್ತಿದೀನಿ, ನನಗೇನೂ ಆಗಲ್ಲ. ತೂಕಡಿಸಿದ್ದು ಆ ಓಟಗಾರನಿಗೆ ಹಾಕಿದ ಗಾಳ." ಅವನು ಕಣ್ಣು ಮಿಟುಕಿಸಿದ. "ಯೆಯ್ಸೊನ್ ಪಾಲು ಸ್ವಲ್ಪ ಜಾಸ್ತಿ ಇರಲಿ."

ಕ್ರುಸಿತಾ ಕಣ್ಣೊರೆಸಿಕೊಂಡು ಚೆಂಡನ್ನು ಮಾತೆ ಮರಿಯಳ ಪಟದ ಮುಂದಿಟ್ಟಳು. ಇನ್ನಾದರೂ ನನ್ನ ಕಿವಿಗೆ ನೆಮ್ಮದಿ ಎಂದುಕೊಂಡು ಮಲಗಿದೆ.

ಬೆಳಗ್ಗೆ ಎಚ್ಚರವಾಗುವಷ್ಟರಲ್ಲಿ ಅವಳ ಕೈಯಲ್ಲಿ ಫೋನಿತ್ತು.

"ಆ ಯೆಯ್ಸೊನ್‌ನ ಮನೆಗೆ ಕಳಿಸಿ! ಮೂರು ಬಟ್ಟಲು ಸಂಕೋಚೊ ತಡ್ಕೊಳ್ಳೋಕಾಗದವನು ಫೈನಲ್ ತಡ್ಕೋತಾನಾ? ಕ್ಯಾಚರ್ ಅಂದ್ರೆ ರಾದಾಮೆಸ್. ನಾನು ಮೊದಲಿಂದ ಇದನ್ನೇ ಹೇಳ್ತಾ ಬಂದಿಲ್ವಾ?"