ಕಿಟಕಿ ಮುಚ್ಚಿ ಸಾಕಿದ ಧೂಳು

ಅತ್ತೆಗೆ ಕೆಮ್ಮು. ಊಟಕ್ಕೆ ಕುಳಿತರೆ ಕೆಮ್ಮು, ಇಷ್ಟಲಿಂಗ ಪೂಜೆಗೆ ಕುಳಿತರೂ ಕೆಮ್ಮು. ಎಕ್ಸ್‌ರೇ ಕ್ಲೀನ್. ಡಾಕ್ಟರು ಹೇಳಿದ್ದು ಇಷ್ಟೇ: "ಅಲರ್ಜಿ ಇರಬಹುದು, ಧೂಳಿನಿಂದ ದೂರ ಇಡಿ."

ಬೆಂಗಳೂರಿನ ವರ್ತೂರಿನಲ್ಲಿ ಮನೆ ಮಾಡಿಕೊಂಡವರಿಗೆ ಹೇಳುವ ಮಾತೇ ಇದು? ಅಗೆದು ಬಿಟ್ಟ ರಸ್ತೆ, ಟಿಪ್ಪರ್ ಲಾರಿಗಳು, ಎದುರಿಗೇ ಏಳುತ್ತಿರುವ ಇನ್ನೊಂದು ಅಪಾರ್ಟ್‌ಮೆಂಟು. ಕಿಟಕಿಗಳನ್ನೆಲ್ಲ ಮುಚ್ಚಿ ಸಂದುಗಳಿಗೆ ಟೇಪ್ ಹಚ್ಚಿದೆವು. ಕೆಮ್ಮು ಜಾಸ್ತಿಯಾಯಿತು.

"ನಂಗ ಈ ಊರ ಗಾಳಿ ಒಗ್ಗವಲ್ದವ್ವಾ. ಗದಗಕ್ಕ ದೊಡ್ಡ ಮಗನ ಮನಿಗೆ ಹೋಗಿಬಿಡ್ತೀನಿ" ಎಂದು ಅತ್ತೆ ಬ್ಯಾಗು ತೆಗೆದಾಗ ನನಗೆ ಅಳು ಬಂತು. (ಅತ್ತೆ ಹೊರಟರೆ ಅಳುವ ಸೊಸೆಯೂ ಇರುತ್ತಾಳೆ, ನಂಬಿ.) ಆಫೀಸಿನಿಂದ ಬಂದ ಮೇಲೆ ನಾನು ಮನಸ್ಸು ಬಿಚ್ಚಿ ಮಾತಾಡುವುದು ಅವರ ಹತ್ತಿರವೇ.

ಆ ಭಾನುವಾರ ಟಿವಿ ಒರೆಸಿದೆ. ಹಿಂದಿನ ದಿನವಷ್ಟೇ ಒರೆಸಿದ್ದೆ. ಒದ್ದೆ ಬಟ್ಟೆಗೆ ಹತ್ತಿದ್ದು ಹಳದಿ ಪುಡಿ. ನಮ್ಮ ರಸ್ತೆಯ ಧೂಳು ಕೆಂಪಲ್ಲವೇ? ಮೂಸಿ ನೋಡಿದೆ. ತೇಗದ ಮರದ ವಾಸನೆ.

ಮೂರನೇ ಬೆಡ್‌ರೂಮಿನಲ್ಲಿ, ಈ ಅಂಕಣದಲ್ಲಿ ಆಗಾಗ ಬೈಸಿಕೊಳ್ಳುವ ನನ್ನ ಯಜಮಾನರು ಸ್ಯಾಂಡಿಂಗ್ ಮಷೀನ್ ಓಡಿಸುತ್ತಿದ್ದರು. ವಾರವೆಲ್ಲ ಕಂಪ್ಯೂಟರು, ರಜೆ ಬಂತೆಂದರೆ ಮರಗೆಲಸ. ಆಗ ತಯಾರಾಗುತ್ತಿದ್ದುದು ತಮ್ಮ ಅಮ್ಮನ ಪೂಜೆಗೆಂದೇ ಒಂದು ಮಣೆ. ಹಲಗೆ ಉಜ್ಜಿದ ನುಣ್ಣನೆಯ ಪುಡಿ ಮನೆಯೆಲ್ಲ ಸುತ್ತುತ್ತಿತ್ತು. ಹೊರಗೆ ಹೋಗಲು ದಾರಿ ಎಲ್ಲಿದೆ, ಟೇಪ್ ಹಚ್ಚಿದ್ದೆವಲ್ಲ.

ಬಟ್ಟೆಯನ್ನು ಅವರ ಮುಂದೆ ಹಿಡಿದೆ. ಮುಖ ಪೆಚ್ಚಾಯಿತು.

"ಕೆಲಸ ಮುಗದ ಮ್ಯಾಲೆ ಕಸ ಹೊಡಿತೀನಲ್ಲ?"

ಹೊಡೆಯುತ್ತಾರೆ, ನಿಜ. ಪೊರಕೆ ಆಡಿದರೆ ಆ ಪುಡಿ ಮತ್ತೆ ಮೇಲೇಳುತ್ತದೆ, ಅಷ್ಟೇ.

ಮೊದಲ ಪರಿಹಾರ ಎಕ್ಸಾಸ್ಟ್ ಫ್ಯಾನು. ನಮ್ಮನೆ ಕ್ಲೀನ್ ಆಯಿತು. ಆಮೇಲೆ ಕೆಳಗಿನ ಮನೆಯಾಕೆ ಬಾಗಿಲಿಗೆ ಬಂದರು. "ಮೇಡಂ, ಒಣಗಿಹಾಕಿರೋ ಬಟ್ಟೆ ಮೇಲೆಲ್ಲಾ ಏನೋ ಪುಡಿ ಬೀಳ್ತಿದೆ, ನೋಡಿ." ನಮ್ಮ ಕಸ ನಮ್ಮ ಕಾಂಪೌಂಡ್ ದಾಟಿದರೆ ಸಾಕು ಎನ್ನುವ ಬುದ್ಧಿ ನಮಗೂ ಎಷ್ಟು ಬೇಗ ಅಂಟಿತ್ತು!

ಎರಡನೆಯದು ಸರಿಹೋಯಿತು. ಮಷೀನಿಗೇ ವ್ಯಾಕ್ಯೂಮ್ ಕ್ಲೀನರಿನ ಪೈಪು ಸಿಕ್ಕಿಸಿ, ನಡುವೆ ಮುಚ್ಚಳವಿರುವ ಡ್ರಮ್ಮು ಇಟ್ಟರು. ಪುಡಿ ಎದ್ದ ಜಾಗದಲ್ಲೇ ಸೆರೆ. ಯಜಮಾನರ ಮುಖಕ್ಕೆ ಮಾಸ್ಕ್, ಬಾಗಿಲ ಬುಡಕ್ಕೆ ಹಳೇ ಟವೆಲ್. ಕಿಟಕಿಗಳ ಟೇಪು ಕಿತ್ತೆವು.

ಕೆಮ್ಮು ನಿಂತಿದೆ. ಬ್ಯಾಗು ಅಟ್ಟ ಸೇರಿದೆ. ಅತ್ತೆ ಹೊಸ ಮಣೆಯ ಮೇಲೆ ಕುಳಿತು ಒಂದು ಸಲವೂ ಕೆಮ್ಮದೆ ಪೂಜೆ ಮುಗಿಸಿದ ದಿನ ನಾನು ಅಡುಗೆಮನೆಯಲ್ಲಿ ನಿಂತು ನೆಮ್ಮದಿಯಾಗಿ ಉಸಿರುಬಿಟ್ಟೆ.

ಈಗ ಅವರು ಕೆಮ್ಮುವುದು ಮಗ ವ್ಯಾಕ್ಯೂಮ್ ಹಾಕದೆ ಮಷೀನ್ ಮುಟ್ಟಿದಾಗ ಮಾತ್ರ. ಬೇಕೆಂದೇ, ಜೋರಾಗಿ. ಯಜಮಾನರು ತಡಬಡಾಯಿಸಿ ಸ್ವಿಚ್ ಹುಡುಕುತ್ತಾರೆ.

ನಮ್ಮ ರಸ್ತೆ ಅಗೆದು ಹೋದವರ ಮನೆಯಲ್ಲೂ ಹೀಗೆ ಕೆಮ್ಮುವ ತಾಯಿಯೊಬ್ಬರು ಇರಬಾರದೇ?