ಗಾಜಿನ ಕೊಳವೆಯಲ್ಲಿ ಸೊಸೆಯ ರಕ್ತ

ಆಗ ನನಗೆ ಅರವತ್ತೊಂದು. ಅದಾಗಿ ಎಂಟು ವರ್ಷವಾಯಿತು. ಬೀಳಗಿ ಕಡೆಯ ನಮ್ಮ ಹೊಲದಲ್ಲಿ ಕಬ್ಬು ಕಡಿದು ಮುಗಿದಿತ್ತು. ಬೆಳಿಗ್ಗೆ ನಾನೂ ಸೊಸೆಯೂ ರವದಿ, ಅಂದರೆ ಕಬ್ಬಿನ ಒಣ ಎಲೆ, ಬಳಿದು ರಾಶಿ ಹಾಕುತ್ತಿದ್ದೆವು. ಅದರೊಳಗಿದ್ದ ಕೊಳಕುಮಂಡಲ ಅವಳ ಪಾದಕ್ಕೆ ಕಚ್ಚಿತು.

ಹಾವು ಕಚ್ಚಿದ ಜಾಗ ಕೊಯ್ದು ವಿಷ ಹಿಂಡುವುದು ನಮ್ಮ ಓಣಿಯಲ್ಲಿ ನನ್ನ ಕೆಲಸ. ಮುದುಕಿಯ ಕೈಗುಣ ಛಲೋ ಅನ್ನುತ್ತಿದ್ದರು. ಎಲೆ ಅಡಿಕೆ ಚೀಲದಲ್ಲಿ ಬ್ಲೇಡು ಇದ್ದೇ ಇರುತ್ತಿತ್ತು. ಅವಳ ಪಾದದ ಮೇಲೆ ಎರಡು ಗೀರು ಎಳೆದೆ. ರಕ್ತ ಹರಿಯಿತು. ವಿಷ ಹೋಗಲಿ ಅಂತ ಸುಮ್ಮನೆ ಕುಳಿತೆ. ಆಮೇಲೆ ಅರಿಶಿನ ಒತ್ತಿದರೂ ನಿಲ್ಲಲಿಲ್ಲ. ಒಸಡಿನಿಂದಲೂ ರಕ್ತ ಬಂದಾಗ ಮಗನ ಬೈಕಿನ ಮೇಲೆ ನಡುವೆ ಕೂರಿಸಿ ಮುಧೋಳದ ದವಾಖಾನೆಗೆ ಒಯ್ದೆವು.

ಡಾಕ್ಟರ್‌ಬಾಯಿ ಸಣ್ಣ ವಯಸ್ಸಿನವಳು. ಸೊಸೆಯ ರಕ್ತ ತೆಗೆದು ಗಾಜಿನ ಕೊಳವೆಯಲ್ಲಿ ಹಾಕಿ ನಿಲ್ಲಿಸಿದಳು.

"ಇಪ್ಪತ್ ಮಿನಿಟ್ ಇದನ್ನ ಯಾರೂ ಮುಟ್ಟಬ್ಯಾಡ್ರಿ."

ಹೊತ್ತು ಮುಗಿದ ಮೇಲೆ ಓರೆ ಮಾಡಿದಳು. ರಕ್ತ ನೀರಿನ ಹಾಗೆ ಹರಿಯಿತು. ಹೆಪ್ಪುಗಟ್ಟಿರಲೇ ಇಲ್ಲ. ಡಾಕ್ಟರ್‌ಬಾಯಿ ಸಲೈನ್ ಜೊತೆ ವಿಷದ ಔಷಧ ಏರಿಸಲು ಹೇಳಿ, ಪಾದ ನೋಡಿದಳು.

"ಕೊಯ್ದವರು ಯಾರು?"

ನಾನು ಎಲೆ ಅಡಿಕೆ ಚೀಲ ಸೆರಗಿನಡಿ ಸರಿಸಿದೆ. ಸೊಸೆಯೇ, "ಕುಡಗೋಲು ಬಡೀತ್ರಿ" ಅಂದಳು.

"ಅಳತಿ ಹಿಡದು ಗೆರಿ ಹೊಡಿಯೂ ಕುಡಗೋಲು ಎಲ್ಲಿ ಸಿಗತೈತವಾ? ನನಗೂ ಒಂದ್ ಕೊಡು."

ಆಮೇಲೆ ನನ್ನ ಕಡೆ ತಿರುಗಿದಳು. ನನ್ನ ತವರು ಬನಹಟ್ಟಿ, ನೇಕಾರರ ಮನೆ ಅಂತ ಕೇಳಿ ತಿಳಿದುಕೊಂಡು ಹೇಳಿದಳು: "ರಕ್ತದಾಗ ಎಂಜೈಮ್ ಅಂತ ಇರತಾವ್ರಿ. ಗಾಯ ಆತಂದ್ರ ಒಂದು ಇನ್ನೊಂದನ್ನ ಎಬ್ಬಸ್ತೈತಿ, ಅದು ಮತ್ತೊಂದನ್ನ. ಕಡೀಕ ಎಳಿ ಎಳಿ ನೂಲಾಗಿ ಗಾಯದ ಬಾಯಿ ಮುಚ್ಚತೈತಿ. ಈ ಹಾವಿನ ವಿಷದಾಗೂ ಎಂಜೈಮ್ ಅದಾವ. ಅವು ಗಾಯ ಇಲ್ಲದಲ್ಲೆಲ್ಲಾ ಕೆಲಸ ಹಚ್ಚಿ ಇದ್ದ ನೂಲೆಲ್ಲಾ ತೀರಿಸಿಬಿಡ್ತಾವ."

"ಮಗ್ಗದಾಗ ನೂಲಿನ ಕಂಡಿಕಿ ಖಾಲಿ ಆದಂಗ್ರಿ?" ಅಂದೆ.

"ಹೂಂ. ಅಂಥಾದ್ರಾಗ ಕೊಯ್ದ್ರ ಮುಚ್ಚೂದು ಹ್ಯಾಂಗ? ಕೊಯ್ಕೋತ ಕುಂತ ಹೊತ್ತಿನಾಗ ಇಲ್ಲಿಗೆ ಬರಬೇಕಿತ್ರಿ."

ನನಗೆ ಆಚೆಮನೆಯವನು ನೆನಪಾದ. ಅದಕ್ಕೂ ಎರಡು ವರ್ಷ ಹಿಂದೆ ಅವನಿಗೂ ಇದೇ ಹಾವು ಕಚ್ಚಿತ್ತು. ನಾನೇ ಕೊಯ್ದಿದ್ದೆ. ಗಾಡಿ ತರಿಸುತ್ತೇನೆಂದ ಅವನ ಹೆಂಡತಿಯನ್ನು, "ಕೆಟ್ಟ ರಕ್ತ ಹೋಗಲಿ, ತಡಿಯವಾ" ಅಂತ ಕೂರಿಸಿದ್ದೆ. ರಕ್ತ ನಿಲ್ಲಲೇ ಇಲ್ಲ. ಸಂಜೆಗೆ ಸತ್ತ. ಅವನ ಕಾಲ ಬಂದಿತ್ತು ಅಂತ ಎಲ್ಲರಿಗಿಂತ ಮೊದಲು ಹೇಳಿದವಳೂ ನಾನೇ.

ಸಂಜೆ ಇನ್ನೊಂದು ಕೊಳವೆ ಇಟ್ಟರು. ಓರೆ ಮಾಡಿದಾಗ ರಕ್ತ ಅಲುಗದೆ ನಿಂತಿತು. ಸೊಸೆ ಉಳಿದಳು. ನನ್ನ ಬ್ಲೇಡಿನ ಗಾಯ ಮಾಯಲು ಮಾತ್ರ ಎರಡು ತಿಂಗಳು ಹಿಡಿಯಿತು.

"ಅತ್ತಿ, ಊರಾಗೂ ಕುಡಗೋಲು ಅಂತನ ಹೇಳೂನು" ಅಂತ ಅವತ್ತು ರಾತ್ರಿ ಸೊಸೆ ಅಂದಳು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಊರಿಗೆ ಬಂದು, ಮನೆಗೂ ಹೋಗದೆ ಆಚೆಮನೆಗೆ ಹೋದೆ. ಸತ್ತವನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಬ್ಲೇಡು ತೆಗೆದು ಅವಳ ಮುಂದೆ ಇಟ್ಟೆ. ಅವತ್ತು ಗಾಡಿ ತರಿಸಬೇಕಿತ್ತು, ತಡೆದದ್ದು ನಾನು ಅಂತ ಹೇಳಿದೆ.